ಸೌದೆಯ ವಿದ್ಯುತ್ತು, ಊರಿನ ಉಸಿರು

ಹಸಿ ಸೌದೆಯನ್ನು ಒಲೆಗಿಟ್ಟು ಊದುಕೊಳವೆಯಿಂದ ಊದಿದವರಿಗೆ ಹೊಗೆಯ ಪರಿಚಯವನ್ನು ನಾವು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಣ್ಣು ಉರಿಯುತ್ತದೆ, ಮೂಗಿನಲ್ಲಿ ನೀರಿಳಿಯುತ್ತದೆ, ಕೆಮ್ಮು ಬರುತ್ತದೆ. ಆದರೂ ಸೌದೆಯ ಹೊಗೆಯೆಂದರೆ ನಮಗೆ ಅಷ್ಟಾಗಿ ಭಯವಿಲ್ಲ. ಕಲ್ಲಿದ್ದಲಿನ ಹೊಗೆ ಕಾರ್ಖಾನೆಯದು, ಸೌದೆಯ ಹೊಗೆ ಮನೆಯದು. ಅದು ಮರದಿಂದ ಬಂದದ್ದು, ಪ್ರಕೃತಿಸಿದ್ಧವಾದದ್ದು ಎಂಬ ಸಮಾಧಾನ ಮನಸ್ಸಿನ ಮೂಲೆಯಲ್ಲಿ ಎಲ್ಲಿಯೋ ಉಂಟು. ಈ ಸಮಾಧಾನ ಎಷ್ಟರಮಟ್ಟಿಗೆ ಸರಿ? ಅಮೆರಿಕದ ಒಂದು ನಗರದ ಜನ ಈ ಪ್ರಶ್ನೆಯನ್ನು ಹತ್ತು ವರ್ಷಗಳಿಗೂ ಮಿಕ್ಕಿ ಕೇಳುತ್ತ ಬಂದರು. ಅವರ ಊರಿನಲ್ಲಿ ಸೌದೆ ಸುಡುವ ವಿದ್ಯುದಾಗಾರವೊಂದನ್ನು ಕಟ್ಟುವ ಯೋಜನೆಯಿತ್ತು. ಆ ವಿವಾದವನ್ನು ನಿಮಿತ್ತವಾಗಿಟ್ಟುಕೊಂಡು, ಸೌದೆ ಉರಿಯುವಾಗ ಏನಾಗುತ್ತದೆ, ಅದರ ಹೊಗೆ ಮನುಷ್ಯನ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಊರು ಮತ್ತು ಯೋಜನೆ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯದಲ್ಲಿರುವ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ, ಸ್ಪ್ರಿಂಗ್‌ಫೀಲ್ಡ್ ಎಂಬ ನಗರವಿದೆ. 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಒಂದು ಲಕ್ಷದ ಐವತ್ತೈದು ಸಾವಿರಕ್ಕೆ ಸ್ವಲ್ಪ ಹೆಚ್ಚು. ಬ್ಯಾಸ್ಕೆಟ್‌ಬಾಲ್ ಆಟ 1891ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ಒಂದು ಕಾಲಕ್ಕೆ ಕಾರ್ಖಾನೆಗಳಿಂದ ತುಂಬಿದ್ದ ಈ ನಗರ ಇಂದು ಆ ರಾಜ್ಯದ ಬಡ ನಗರಗಳಲ್ಲೊಂದು. ನಿವಾಸಿಗಳಲ್ಲಿ ಹೆಚ್ಚಿನವರು ಲ್ಯಾಟಿನ್ ಅಮೆರಿಕದ ಮೂಲದವರು ಮತ್ತು ಆಫ್ರಿಕನ್ ಅಮೆರಿಕನ್ನರು. ನಗರದ ನಡುವೆಯೇ ದೊಡ್ಡ ಹೆದ್ದಾರಿಗಳು ಹಾದುಹೋಗುತ್ತವೆ.

2008ರ ವೇಳೆಗೆ ಒಂದು ಖಾಸಗಿ ಸಂಸ್ಥೆಯು ನಗರದ ಪೂರ್ವಭಾಗದಲ್ಲಿ 35 ಮೆಗಾವಾಟ್ ಶಕ್ತಿಯ ವಿದ್ಯುದಾಗಾರವನ್ನು ಕಟ್ಟಲು ಮುಂದೆ ಬಂದಿತು. ಇದರ ಇಂಧನ ‘ಬಯೋಮಾಸ್’, ಎಂದರೆ ಸಸ್ಯಮೂಲವಾದ ಪದಾರ್ಥ. ಮೊದಲು ಯೋಚಿಸಿದ್ದು ಕಟ್ಟಡಗಳನ್ನು ಕೆಡವಿದಾಗ ಸಿಕ್ಕುವ ಹಳೆಯ ಮರಮುಟ್ಟನ್ನು ಸುಡಬೇಕೆಂದು. ಜನರ ಆಕ್ಷೇಪಣೆ ಬಲವಾದ ಮೇಲೆ ಅದನ್ನು ಕೈಬಿಟ್ಟು, ಮರಗಳನ್ನು ಸವರಿದಾಗ ಬರುವ ಹಸಿ ಕೊಂಬೆರೆಂಬೆಗಳ ಚೂರನ್ನು ಮಾತ್ರ ಸುಡುವುದೆಂದು ಯೋಜನೆಯನ್ನು ಮಾರ್ಪಡಿಸಲಾಯಿತು.

ಹಳೆಯ ಮರಮುಟ್ಟಿಗೆ ಆಕ್ಷೇಪಣೆ ಏಕೆ? ಹಳೆಯ ಬಣ್ಣಗಳಲ್ಲಿ ಸೀಸವಿರುತ್ತದೆ. ಹೊರಾಂಗಣದಲ್ಲಿ ಬಳಸುವ ಮರಕ್ಕೆ ಗೆದ್ದಲು ಹತ್ತದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಊಡಿಸುವ ಪದ್ಧತಿ ಬಹುಕಾಲ ಬಳಕೆಯಲ್ಲಿತ್ತು. ಈ ಸಂರಕ್ಷಕವನ್ನು 1933ರಲ್ಲಿ ಕಂಡುಹಿಡಿದವರು ನಮ್ಮ ದೇಶದವರೇ ಆದ ಸೊಂಟಿ ಕಾಮೇಶನ್ ಎಂಬ ವಿಜ್ಞಾನಿ. ಮರವನ್ನು ಹತ್ತಾರು ವರ್ಷ ಕಾಪಾಡುವ ಈ ಲವಣಗಳು ಬೆಂಕಿಗೆ ಬಿದ್ದಾಗ ನಾಶವಾಗುವುದಿಲ್ಲ. ಲೋಹಗಳು ಧಾತುಗಳು, ಅವನ್ನು ಸುಟ್ಟು ಇಲ್ಲದಂತೆ ಮಾಡಲು ಯಾವ ಒಲೆಗೂ ಸಾಧ್ಯವಿಲ್ಲ. ಅವು ಬೂದಿಯಲ್ಲಿ ಉಳಿಯಬೇಕು, ಇಲ್ಲವೆ ಹೊಗೆಯೊಡನೆ ಹೋಗಬೇಕು.

ದಿನಕ್ಕೆ ಎಷ್ಟು ಸೌದೆ?

35 ಮೆಗಾವಾಟ್ ಎಂಬ ಸಂಖ್ಯೆಯ ಅರ್ಥವೇನೆಂಬುದನ್ನು ವಿದ್ಯಾರ್ಥಿಗಳು ಕಾಗದದ ಮೇಲೆಯೇ ಕಂಡುಕೊಳ್ಳಬಹುದು. ಒಂದು ವಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಆದ್ದರಿಂದ ಈ ವಿದ್ಯುದಾಗಾರ ಸೆಕೆಂಡಿಗೆ 3.5 ಕೋಟಿ ಜೂಲ್ ವಿದ್ಯುಚ್ಛಕ್ತಿಯನ್ನು ಕೊಡಬೇಕು. ಸೌದೆಯನ್ನು ಸುಟ್ಟು, ನೀರನ್ನು ಉಗಿ ಮಾಡಿ, ಆ ಉಗಿಯಿಂದ ಟರ್ಬೈನನ್ನು ತಿರುಗಿಸುವ ಈ ಬಗೆಯ ಆಗಾರಗಳಲ್ಲಿ ಶಾಖದ ಸುಮಾರು ಕಾಲುಭಾಗ ಮಾತ್ರ ವಿದ್ಯುತ್ತಾಗುತ್ತದೆ; ಉಳಿದ ಮುಕ್ಕಾಲುಪಾಲು ಹೊಗೆಕೊಳವೆಯಿಂದಲೂ ತಂಪುಗೋಪುರದಿಂದಲೂ ವ್ಯರ್ಥವಾಗಿ ಹೋಗುತ್ತದೆ. ಹಾಗಾದರೆ ಸೆಕೆಂಡಿಗೆ 14 ಕೋಟಿ ಜೂಲ್ ಶಾಖ ಬೇಕಾಯಿತು. ಹಸಿ ಸೌದೆಯ ಒಂದು ಕಿಲೋಗ್ರಾಮಿನಿಂದ ದೊರೆಯುವ ಶಾಖ ಸುಮಾರು ಒಂದು ಕೋಟಿ ಜೂಲ್. ಎಂದರೆ ಸೆಕೆಂಡಿಗೆ 14 ಕಿಲೋಗ್ರಾಂ ಸೌದೆ! ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ಸುಮಾರು 1,200 ಟನ್. ಒಂದೊಂದು ಲಾರಿ 20 ಟನ್ ಹೊತ್ತು ತಂದರೆ ದಿನಕ್ಕೆ 60 ಲಾರಿಗಳು ಬರಬೇಕು, ಬರಿದಾಗಿ ಹಿಂದಿರುಗಬೇಕು.

ಉರಿಯುವುದೆಂದರೇನು?

ಮರದ ಮುಖ್ಯ ದ್ರವ್ಯವಾದ ಸೆಲ್ಯುಲೋಸಿನಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕಗಳು ಮಾತ್ರ. ಅದು ಪೂರ್ಣವಾಗಿ ಉರಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ಪಠ್ಯಪುಸ್ತಕದಲ್ಲಿ ನಾವು ಕಲಿತಿರುವ ದಹನ ಇದು. ಆದರೆ ಒಲೆಯಲ್ಲಿ ನಡೆಯುವ ದಹನ ಬೇರೆ. ಸೌದೆ ಬಿಸಿಯಾದಾಗ ಮೊದಲು ನೀರು ಹೋಗುತ್ತದೆ. ಅನಂತರ ಮರ ಒಡೆದು ನೂರಾರು ಬಗೆಯ ಅನಿಲಗಳನ್ನೂ ಡಾಂಬರಿನಂಥ ಆವಿಗಳನ್ನೂ ಹೊರಬಿಡುತ್ತದೆ. ನಾವು ಜ್ವಾಲೆಯೆಂದು ಕರೆಯುವುದು ಈ ಅನಿಲಗಳು ಉರಿಯುವ ದೃಶ್ಯವನ್ನು. ಅವಕ್ಕೆ ಸಾಕಷ್ಟು ಶಾಖ, ಸಾಕಷ್ಟು ಕಾಲ, ಗಾಳಿಯೊಡನೆ ಸಾಕಷ್ಟು ಮಿಶ್ರಣ ಇವು ಮೂರೂ ದೊರೆತರೆ ಅವು ಉರಿದುಹೋಗುತ್ತವೆ. ಒಂದು ಕೊರತೆಯಾದರೂ ಇಂಗಾಲದ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ವಿಷವಸ್ತುಗಳೂ ಮಸಿಯೂ ಉಳಿದುಕೊಳ್ಳುತ್ತವೆ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಮೆ ಅರ್ಧ ನೀರೇ ಇರುವುದರಿಂದ ಅದು ಒಲೆಯನ್ನು ತಣಿಸುತ್ತದೆ. ಊದುಕೊಳವೆ ಹಿಡಿದವರ ಕಣ್ಣೀರಿಗೆ ಕಾರಣ ಇದೇ.

ದೊಡ್ಡ ವಿದ್ಯುದಾಗಾರದ ಕುಲುಮೆಯಲ್ಲಿ ಶಾಖವೂ ಗಾಳಿಯೂ ಹತೋಟಿಯಲ್ಲಿರುತ್ತವೆ. ಆದಕಾರಣ ಸುಟ್ಟ ಒಂದೊಂದು ಕಿಲೋಗ್ರಾಮಿಗೆ ಲೆಕ್ಕಹಾಕಿದರೆ, ಅದು ಅಡುಗೆಮನೆಯ ಒಲೆಗಿಂತ ಬಹಳ ಕಡಮೆ ಹೊಗೆಯನ್ನು ಬಿಡುತ್ತದೆ. ಇದನ್ನು ನಾವು ಮರೆಮಾಚಬಾರದು. ಆದರೆ ಎಷ್ಟೇ ಚೆನ್ನಾಗಿ ಉರಿಸಿದರೂ ತಪ್ಪದವು ಎರಡುಂಟು. ಮೊದಲನೆಯದು, ಸೌದೆಯಲ್ಲಿಯೂ ಗಾಳಿಯಲ್ಲಿಯೂ ಇರುವ ಸಾರಜನಕದಿಂದ ಹುಟ್ಟುವ ಸಾರಜನಕದ ಆಕ್ಸೈಡುಗಳು; ಇವು ಹೊರಗೆ ಹೋದಮೇಲೆ ವಾತಾವರಣದಲ್ಲಿ ಮತ್ತೆ ಸೂಕ್ಷ್ಮಕಣಗಳಾಗಿ ಮಾರ್ಪಡುತ್ತವೆ. ಎರಡನೆಯದು, ಮರದ ಬೂದಿಯಲ್ಲಿರುವ ಪೊಟಾಸಿಯಂ ಲವಣಗಳು. ಇವು ಕುಲುಮೆಯ ಶಾಖಕ್ಕೆ ಆವಿಯಾಗಿ, ತಣಿದಾಗ ಅತಿ ಸಣ್ಣ ಕಣಗಳಾಗಿ ಗಟ್ಟಿಗೊಳ್ಳುತ್ತವೆ.

ಕಣದ ಗಾತ್ರ

ಹೊಗೆಯ ಕಣಗಳಲ್ಲಿ ಅಪಾಯಕರವಾದವು ಕಣ್ಣಿಗೆ ಕಾಣುವ ದೊಡ್ಡವಲ್ಲ. ಅವನ್ನು ಮೂಗಿನ ಕೂದಲೂ ಗಂಟಲಿನ ಲೋಳೆಯೂ ತಡೆಯುತ್ತವೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಮನುಷ್ಯನ ಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. 2.5 ಮೈಕ್ರಾನಿಗಿಂತ ಕಿರಿದಾದ ಕಣಗಳು ಈ ಕಾವಲುಗಳನ್ನೆಲ್ಲ ದಾಟಿ ಶ್ವಾಸಕೋಶದ ಕೊನೆಯಲ್ಲಿರುವ ಗಾಳಿಗೂಡುಗಳವರೆಗೆ ಹೋಗಬಲ್ಲವು. ಅವುಗಳಲ್ಲಿ ತೀರ ಸಣ್ಣವು ರಕ್ತವನ್ನೂ ಸೇರಬಲ್ಲವು. ಸೌದೆಯ ಹೊಗೆಯಲ್ಲಿರುವ ಕಣಗಳು ಬಹುಮಟ್ಟಿಗೆ ಈ ಗಾತ್ರದವೇ.

ಉಬ್ಬಸದ ರೋಗಿಯ ಉಸಿರುನಾಳಗಳ ಒಳಪದರ ಮೊದಲೇ ಊದಿಕೊಂಡಿರುತ್ತದೆ. ಕೆರಳಿಸುವ ವಸ್ತು ತಗುಲಿದೊಡನೆ ನಾಳಗಳ ಸುತ್ತಣ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ದಾರಿ ಕಿರಿದಾಗುತ್ತದೆ, ಉಸಿರು ಸಿಳ್ಳೆಯಾಗುತ್ತದೆ. ಮಕ್ಕಳು ತಮ್ಮ ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ; ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಆದುದರಿಂದ ಅದೇ ಗಾಳಿ ಅವರಿಗೆ ಹೆಚ್ಚು ತೊಂದರೆಯನ್ನು ಕೊಡುತ್ತದೆ.

ಸೂಕ್ಷ್ಮಕಣಗಳಿಗೂ ಆಯುಸ್ಸಿಗೂ ಇರುವ ಸಂಬಂಧವನ್ನು ತೋರಿಸಿದ ಪ್ರಸಿದ್ಧ ಅಧ್ಯಯನವೊಂದು ಇದೇ ರಾಜ್ಯದ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ 1993ರಲ್ಲಿ ಹೊರಬಂದಿತು. ಆರು ನಗರಗಳ 8,111 ವಯಸ್ಕರನ್ನು 14ರಿಂದ 16 ವರ್ಷಗಳ ಕಾಲ ಗಮನಿಸಲಾಗಿತ್ತು. ಧೂಮಪಾನವೇ ಮೊದಲಾದ ಇತರ ಕಾರಣಗಳನ್ನು ಲೆಕ್ಕದಿಂದ ತೆಗೆದಮೇಲೂ, ಹೆಚ್ಚು ಮಲಿನವಾದ ಸ್ಟೂಬನ್‌ವಿಲ್ ನಗರದಲ್ಲಿ ಮರಣದ ಪ್ರಮಾಣ ಎಲ್ಲಕ್ಕಿಂತ ಶುಭ್ರವಾದ ಪೋರ್ಟೇಜ್ ನಗರಕ್ಕಿಂತ ಶೇಕಡ 26ರಷ್ಟು ಹೆಚ್ಚಾಗಿತ್ತು. ಆ ನಗರಗಳ ಕಣಗಳು ಬಹುಪಾಲು ಕಲ್ಲಿದ್ದಲು, ಕೈಗಾರಿಕೆ, ವಾಹನಗಳಿಂದ ಬಂದವು, ಸೌದೆಯಿಂದಲ್ಲ ಎಂಬುದನ್ನೂ ಹೇಳಬೇಕು. ಆದರೆ ಸೌದೆಯ ಕಣಗಳು ಇವಕ್ಕಿಂತ ಸಾಧುವಾದವು ಎಂದು ನಂಬಲು ಆಧಾರವಿಲ್ಲ.

ಶೋಧಕಗಳು ಎಷ್ಟನ್ನು ಹಿಡಿಯಬಲ್ಲವು?

ಹೊಗೆಯನ್ನು ಶೋಧಿಸಿಯೇ ಹೊರಬಿಡುತ್ತೇವೆ ಎಂಬುದು ಇಂಥ ಯೋಜನೆಗಳ ಇಂಜಿನಿಯರುಗಳ ಉತ್ತರ. ಅದು ಬರಿಯ ಮಾತಲ್ಲ. ಬಟ್ಟೆಯ ಉದ್ದನೆಯ ಚೀಲಗಳ ಮೂಲಕ ಹೊಗೆಯನ್ನು ಹಾಯಿಸಿ ಕಣಗಳನ್ನು ತಡೆಯಬಹುದು. ಅಥವಾ 20ನೆಯ ಶತಮಾನದ ಆರಂಭದಲ್ಲಿ ಫ್ರೆಡರಿಕ್ ಕಾಟ್ರೆಲ್ ಎಂಬ ಅಮೆರಿಕನ್ ರಸಾಯನವಿಜ್ಞಾನಿ ರೂಢಿಗೆ ತಂದ ಕ್ರಮದಂತೆ, ಕಣಗಳಿಗೆ ವಿದ್ಯುದಾವೇಶವನ್ನು ಕೊಟ್ಟು ಲೋಹದ ಫಲಕಗಳಿಗೆ ಅಂಟುವಂತೆ ಮಾಡಬಹುದು. ತೂಕದಲ್ಲಿ ಶೇಕಡ 99ಕ್ಕೂ ಹೆಚ್ಚು ಕಣಗಳು ಹೀಗೆ ಸಿಕ್ಕಿಬೀಳುತ್ತವೆ.

‘ತೂಕದಲ್ಲಿ’ ಎಂಬ ಮಾತನ್ನು ಗಮನಿಸಬೇಕು. ಗೋಳದ ತೂಕ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 10 ಮೈಕ್ರಾನಿನ ಒಂದು ಕಣ ಒಂದು ಮೈಕ್ರಾನಿನ ಸಾವಿರ ಕಣಗಳಷ್ಟು ತೂಗುತ್ತದೆ. ತಪ್ಪಿಸಿಕೊಂಡುಹೋಗುವ ಸಣ್ಣ ಪಾಲು ತೂಕದಲ್ಲಿ ಅಲ್ಪವಾದರೂ ಸಂಖ್ಯೆಯಲ್ಲಿ ಅಪಾರ. ಮತ್ತು ಅದು ಶ್ವಾಸಕೋಶದ ಆಳಕ್ಕೆ ಇಳಿಯುವ ಪಾಲು. ಎತ್ತರದ ಹೊಗೆಕೊಳವೆ ಇದನ್ನು ದೂರ ಚೆದುರಿಸುತ್ತದೆಯೆಂಬುದು ನಿಜ. ಆದರೆ ಕಣಿವೆಯ ಊರಿನಲ್ಲಿ ಚಳಿಗಾಲದ ರಾತ್ರಿ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತುಬಿಡುವುದುಂಟು. ಆಗ ಕೆಳಗಿನ ಗಾಳಿ ಮೇಲೇರುವುದಿಲ್ಲ. ಲಾರಿಗಳ ಹೊಗೆಗಂತೂ ಎತ್ತರದ ಕೊಳವೆಯೇ ಇಲ್ಲ.

ಜನರ ವಿರೋಧ

ಹೀಗಿರುವಲ್ಲಿ ಸ್ಪ್ರಿಂಗ್‌ಫೀಲ್ಡಿನ ತಾಯಿತಂದೆಗಳು, ವೈದ್ಯರು, ನೆರೆಹೊರೆಯವರು ಸಭೆ ಸೇರಿ ಆಕ್ಷೇಪಿಸಿದ್ದು ಆಶ್ಚರ್ಯವಲ್ಲ. ಅಲ್ಲಿಯ ಮಕ್ಕಳಲ್ಲಿ ಉಬ್ಬಸ ಮೊದಲೇ ಹೆಚ್ಚು. ಅಮೆರಿಕದ ಉಬ್ಬಸ ಮತ್ತು ಅಲರ್ಜಿ ಪ್ರತಿಷ್ಠಾನವು ರೋಗಿಗಳ ಪ್ರಮಾಣ, ತುರ್ತುಚಿಕಿತ್ಸೆಗೆ ಬಂದವರ ಸಂಖ್ಯೆ, ಮರಣ ಇವುಗಳನ್ನು ಗಣಿಸಿ ನಗರಗಳ ಪಟ್ಟಿಯನ್ನು ಮಾಡುತ್ತದೆ. 2018 ಮತ್ತು 2019ರ ಪಟ್ಟಿಗಳಲ್ಲಿ ಮೊದಲ ಸ್ಥಾನ ಸ್ಪ್ರಿಂಗ್‌ಫೀಲ್ಡಿನದು. ಕಟ್ಟದೆ ಇರುವ ವಿದ್ಯುದಾಗಾರ ಇದಕ್ಕೆ ಕಾರಣವಲ್ಲವೆಂಬುದು ಸ್ಪಷ್ಟ. ಜನ ಹೇಳಿದ್ದು ಅದನ್ನಲ್ಲ. ಈಗಾಗಲೇ ಬಾಗಿದ ಬೆನ್ನಿನ ಮೇಲೆ ಇನ್ನೊಂದು ಹೊರೆ ಏಕೆ ಎಂಬುದು ಅವರ ವಾದ.

ಮ್ಯಾಸಚೂಸೆಟ್ಸ್ ಮೆಡಿಕಲ್ ಸೊಸೈಟಿ 1781ರಲ್ಲಿ ಸ್ಥಾಪಿತವಾದ ವೈದ್ಯರ ಸಂಘ. 2009ರ ಡಿಸೆಂಬರಿನಲ್ಲಿ ಅದು, ರಾಜ್ಯದ ಪಶ್ಚಿಮ ಭಾಗದಲ್ಲಿ ಯೋಜಿತವಾಗಿದ್ದ ಮೂರು ದೊಡ್ಡ ಸೌದೆ ವಿದ್ಯುದಾಗಾರಗಳು ಸಾರ್ವಜನಿಕ ಆರೋಗ್ಯಕ್ಕೆ ಒಪ್ಪಲಾಗದ ಅಪಾಯವನ್ನು ತರುತ್ತವೆಯೆಂದು ವಿರೋಧವನ್ನು ಸೂಚಿಸಿತು. ರಸೆಲ್ ಮತ್ತು ಗ್ರೀನ್‌ಫೀಲ್ಡ್ ಎಂಬ ಊರುಗಳ ಇನ್ನೆರಡು ಯೋಜನೆಗಳು ಕಾರ್ಯಗತವಾಗಲೇ ಇಲ್ಲ. ಸ್ಪ್ರಿಂಗ್‌ಫೀಲ್ಡಿನದು ಮಾತ್ರ ಎಳೆಯುತ್ತ ಹೋಯಿತು. 2011ರಲ್ಲಿ ನಗರಸಭೆಯು ತಾನು ಕೊಟ್ಟಿದ್ದ ವಿಶೇಷ ಅನುಮತಿಯನ್ನು ರದ್ದುಮಾಡಿತು. ಅದೇ ವರ್ಷ ಜೂನ್ ತಿಂಗಳಲ್ಲಿ ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯು ಹೊಗೆಯ ಪ್ರಮಾಣ ನಿಯಮಗಳಿಗೆ ಒಳಪಟ್ಟಿದೆಯೆಂದು ತನ್ನ ಸಮ್ಮತಿಯನ್ನು ಕೊಟ್ಟಿತು. ವಿಷಯ ನ್ಯಾಯಾಲಯಗಳಿಗೆ ಹೋಯಿತು. ಕೊನೆಗೆ 2021ರ ಏಪ್ರಿಲ್ 2ರಂದು ಅದೇ ಇಲಾಖೆ ತನ್ನ ಸಮ್ಮತಿಯನ್ನು ಹಿಂತೆಗೆದುಕೊಂಡಿತು. ನಿಗದಿಯಾದ ಕಾಲದಲ್ಲಿ ನಿರ್ಮಾಣ ಮುಂದುವರಿಯದಿದ್ದುದು ಒಂದು ಕಾರಣ. ಆ ಊರಿನವರು ಮೊದಲೇ ಉಬ್ಬಸದಿಂದ ಹೆಚ್ಚಾಗಿ ನರಳುತ್ತಿರುವವರು ಎಂಬುದು ಇನ್ನೊಂದು. ಸಂಸ್ಥೆ ಇದನ್ನು ಒಪ್ಪದೆ ಮೇಲ್ಮನವಿ ಮಾಡಿಕೊಂಡಿತು.

ನಿಯಮಕ್ಕೆ ಒಳಪಟ್ಟ ಹೊಗೆಯನ್ನು ಜನ ಏಕೆ ಒಪ್ಪಲಿಲ್ಲ? ಈ ಪ್ರಶ್ನೆಗೆ ಉತ್ತರ ಕೆಲವು ಸಂಖ್ಯೆಗಳಲ್ಲಿದೆ. ಒಂದು ಘನಮೀಟರ್ ಗಾಳಿಯಲ್ಲಿ ಸೂಕ್ಷ್ಮಕಣಗಳ ವಾರ್ಷಿಕ ಸರಾಸರಿ ಎಷ್ಟು ಮೈಕ್ರೋಗ್ರಾಂ ಇರಬಹುದೆಂಬ ಮಿತಿಯನ್ನು ಅಮೆರಿಕ 1997ರಲ್ಲಿ 15 ಎಂದು ಗೊತ್ತುಮಾಡಿತು. 2012ರಲ್ಲಿ ಅದು 12 ಆಯಿತು. 2024ರಲ್ಲಿ 9 ಎಂದು ತಿದ್ದಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ 2005ರಲ್ಲಿ 10 ಇದ್ದದ್ದು 2021ರಲ್ಲಿ 5ಕ್ಕೆ ಇಳಿಯಿತು. ಭಾರತ 2009ರಲ್ಲಿ ಗೊತ್ತುಮಾಡಿದ ಮಿತಿ 40. ಮನುಷ್ಯನ ಶ್ವಾಸಕೋಶ ಈ ವರ್ಷಗಳಲ್ಲಿ ಬದಲಾಗಲಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ. ಸ್ಪ್ರಿಂಗ್‌ಫೀಲ್ಡಿಗೆ 2011ರಲ್ಲಿ ಸಮ್ಮತಿ ದೊರೆತಾಗ ದೇಶದ ಮಿತಿ 15 ಆಗಿತ್ತು. ‘ನಿಯಮಬದ್ಧ’ ಎಂಬುದು ಕಾನೂನಿನ ಮಾತು, ‘ನಿರಪಾಯ’ ಎಂಬುದು ದೇಹದ ಮಾತು. ಇವೆರಡೂ ಒಂದೇ ಎಂದು ಎಣಿಸಬಾರದು. ಯಾವ ಮಟ್ಟಕ್ಕಿಂತ ಕೆಳಗೆ ಸೂಕ್ಷ್ಮಕಣಗಳಿಂದ ಯಾರಿಗೂ ಕೇಡಿಲ್ಲವೆಂದು ಹೇಳಬಹುದೋ ಅಂಥ ಮಟ್ಟ ಇದುವರೆಗೆ ಕಂಡುಬಂದಿಲ್ಲ.

ಮರ ಮತ್ತೆ ಬೆಳೆಯುವುದಲ್ಲವೆ?

ಸೌದೆ ವಿದ್ಯುತ್ತಿನ ಪರವಾಗಿ ಹೇಳುವ ದೊಡ್ಡ ಮಾತು, ಅದು ಮುಗಿಯದ ಇಂಧನವೆಂಬುದು. ಸುಟ್ಟಾಗ ಹೊರಬಂದ ಇಂಗಾಲವನ್ನು ಹೊಸ ಮರ ಹೀರಿಕೊಳ್ಳುತ್ತದೆ. ಈ ಮಾತನ್ನು ಪರೀಕ್ಷಿಸಲು ರಾಜ್ಯ ಸರ್ಕಾರ ಮ್ಯಾನೊಮೆಟ್ ಎಂಬ ವಿಜ್ಞಾನಕೇಂದ್ರಕ್ಕೆ ಕೆಲಸವೊಪ್ಪಿಸಿತು. 2010ರಲ್ಲಿ ಬಂದ ವರದಿಯ ಸಾರ ಹೀಗೆ: ಅದೇ ಪ್ರಮಾಣದ ಶಕ್ತಿಗೆ ಸೌದೆಯಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನದಕ್ಕಿಂತಲೂ ಹೆಚ್ಚು, ಮರ ಬೆಳೆದಂತೆ ಈ ಸಾಲ ತೀರುತ್ತದೆ. ಕಲ್ಲಿದ್ದಲಿಗೆ ಬದಲಾಗಿ ಸೌದೆಯಿಂದ ವಿದ್ಯುತ್ತು ಮಾಡಿದರೆ ಸಾಲ ತೀರಲು ಸುಮಾರು 20 ವರ್ಷ. ನೈಸರ್ಗಿಕ ಅನಿಲಕ್ಕೆ ಬದಲಾಗಿ ಮಾಡಿದರೆ 90 ವರ್ಷಕ್ಕೂ ಹೆಚ್ಚು. ಕೊಂಬೆರೆಂಬೆಗಳಂಥ ಉಳಿಕೆಯನ್ನು ಸುಟ್ಟರೆ ಸಾಲ ಬೇಗ ತೀರುತ್ತದೆ. 2012ರಲ್ಲಿ ರಾಜ್ಯ, ಶಾಖದ ಕನಿಷ್ಠ ಅರ್ಧವನ್ನಾದರೂ ಉಪಯೋಗಕ್ಕೆ ತರುವ ಆಗಾರಗಳಿಗೆ ಮಾತ್ರ ಸಹಾಯವೆಂದು ನಿಯಮ ಮಾಡಿತು. ಕಾಲುಭಾಗ ಮಾತ್ರ ಬಳಸುವ ಆಗಾರ ಇದಕ್ಕೆ ಅರ್ಹವಾಗದು. 2022ರ ಕಾನೂನು ಸೌದೆ ಸುಡುವ ಹೊಸ ವಿದ್ಯುದಾಗಾರಗಳಿಗೆ ಆ ಸಹಾಯವನ್ನು ನಿಲ್ಲಿಸಿಬಿಟ್ಟಿತು.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಇಂಧನ ಮರಳಿ ಬರುತ್ತದೆಯೆ ಎಂಬುದು ಒಂದು. ಅದರ ಹೊಗೆ ಕೇಡು ಮಾಡುತ್ತದೆಯೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಎರಡನೆಯದು ಹಾಗೆಯೇ ನಿಂತಿರುತ್ತದೆ. 20 ವರ್ಷದ ಮೇಲೆ ಹೊಸ ಮರ ಇಂಗಾಲವನ್ನು ಹಿಂದಕ್ಕೆ ಪಡೆಯಬಹುದು. ಇಂದು ಮಗುವಿನ ಎದೆಯನ್ನು ಹೊಕ್ಕ ಕಣವನ್ನು ಅದು ಹಿಂದಕ್ಕೆ ಪಡೆಯಲಾರದು.

ಯಾವುದಕ್ಕೆ ಹೋಲಿಸಬೇಕು?

ಹಾಗೆಂದು ಸಸ್ಯಮೂಲದ ಇಂಧನವೆಲ್ಲ ಎಲ್ಲೆಡೆಯೂ ತ್ಯಾಜ್ಯವೆಂಬ ತೀರ್ಮಾನಕ್ಕೆ ಬರಬಾರದು. ನಮ್ಮ ನಾಡಿನ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಸುಟ್ಟು ತಮಗೆ ಬೇಕಾದ ಉಗಿಯನ್ನೂ ವಿದ್ಯುತ್ತನ್ನೂ ಪಡೆಯುತ್ತವೆ. ಗದ್ದೆಯಲ್ಲಿ ಉಳಿಯುವ ರವದಿಗೆ ರೈತರು ಅನೇಕ ಕಡೆ ಅಲ್ಲಿಯೇ ಬೆಂಕಿಯಿಡುತ್ತಾರೆ. ಆ ಹೊಗೆಗೆ ಶೋಧಕವೂ ಇಲ್ಲ, ಕೊಳವೆಯೂ ಇಲ್ಲ. ಹೇಗಿದ್ದರೂ ಬಯಲಿನಲ್ಲಿ ಉರಿಯಲಿದ್ದ ರವದಿಯನ್ನು ಒಳ್ಳೆಯ ಶೋಧಕವಿರುವ ಕುಲುಮೆಯಲ್ಲಿ ಸುಟ್ಟರೆ ಊರಿನ ಹೊಗೆ ಕಡಮೆಯಾಗಬಹುದು. ಅಡುಗೆಮನೆಯ ಒಲೆಯೂ ಹಾಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ, ಕಡಮೆ ಸೌದೆಯಲ್ಲಿ ಅಡುಗೆಯಾಗುವಂತೆಯೂ ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುವಂತೆಯೂ ಮಾಡಿತು. ಇಲ್ಲೆಲ್ಲ ಹೋಲಿಕೆ ಇದ್ದ ಹೊಗೆಗೂ ಬರುವ ಹೊಗೆಗೂ. ಸ್ಪ್ರಿಂಗ್‌ಫೀಲ್ಡಿನಲ್ಲಿ ಪರಿಸ್ಥಿತಿ ಬೇರೆ. ಆ 1,200 ಟನ್ ಸೌದೆ ಆ ನಗರದ ನಡುವೆ ಬೇರೆ ರೀತಿಯಲ್ಲಿ ಉರಿಯಲಿದ್ದುದಲ್ಲ. ಅಲ್ಲಿ ಬರುತ್ತಿದ್ದ ಹೊಗೆಯೆಲ್ಲವೂ ಹೊಸದು.

ಆದ್ದರಿಂದ ನಮ್ಮ ಊರಿಗೆ ಇಂಥ ಯೋಜನೆ ಬಂದಾಗ ಹರ್ಷದಿಂದಾಗಲಿ ಭಯದಿಂದಾಗಲಿ ಹೊರಡುವುದರ ಬದಲು ಕೆಲವು ಪ್ರಶ್ನೆಗಳಿಂದ ಹೊರಡುವುದು ಮೇಲು. ಏನನ್ನು ಸುಡುತ್ತಾರೆ, ದಿನಕ್ಕೆ ಎಷ್ಟು? ಸುಡದಿದ್ದರೆ ಅದು ಏನಾಗುತ್ತಿತ್ತು? ಶೋಧಕ ಯಾವ ಗಾತ್ರದ ಕಣವನ್ನು ಹಿಡಿಯುತ್ತದೆ, ಅದನ್ನು ಅಳೆಯುವವರು ಯಾರು, ಅಳತೆ ಜನರಿಗೆ ತಿಳಿಯುತ್ತದೆಯೆ? ಗಾಳಿ ಯಾವ ಕಡೆಗೆ ಬೀಸುತ್ತದೆ, ಆ ಕಡೆ ಯಾರ ಮನೆಗಳಿವೆ, ಅವರ ಆರೋಗ್ಯ ಈಗ ಹೇಗಿದೆ? ಮೊದಲ ಪ್ರಶ್ನೆಗಳನ್ನು ವಿಜ್ಞಾನ ಬಿಡಿಸಬಲ್ಲುದು. ಆದರೆ ಇಷ್ಟು ಜನರ ವಿದ್ಯುತ್ತಿಗಾಗಿ ಇಷ್ಟು ಜನ ಹೊಗೆಯನ್ನು ತಾಳಿಕೊಳ್ಳಲಿ ಎಂಬ ನಿರ್ಣಯ ಯಾವ ಸಮೀಕರಣದಿಂದಲೂ ಬರುವುದಿಲ್ಲ. ಅದನ್ನು ತಾಳಿಕೊಳ್ಳಬೇಕಾದವರನ್ನೇ ಕೇಳಬೇಕು. ಸ್ಪ್ರಿಂಗ್‌ಫೀಲ್ಡಿನ ಜನ ತಮ್ಮನ್ನು ಕೇಳಬೇಕೆಂದು ಪಟ್ಟುಹಿಡಿದರು, ಕೇಳುವಂತೆ ಮಾಡಿಕೊಂಡರು.

ಅಭ್ಯಾಸಕ್ಕಾಗಿ

1. ದಿನಕ್ಕೆ 1,200 ಟನ್ ಹಸಿ ಸೌದೆಯಲ್ಲಿ ಅರ್ಧ ನೀರು. ಒಣಗಿದ ಭಾಗದಲ್ಲಿ ಅರ್ಧ ಇಂಗಾಲ. 12 ಭಾಗ ಇಂಗಾಲದಿಂದ 44 ಭಾಗ ಇಂಗಾಲದ ಡೈಆಕ್ಸೈಡ್ ಆಗುವುದಾದರೆ, ದಿನಕ್ಕೆ ಅದು ಎಷ್ಟು ಟನ್?

2. ಒಂದೇ ಸಾಂದ್ರತೆಯುಳ್ಳ ಗೋಳಗಳೆಂದು ಭಾವಿಸಿದರೆ, 10 ಮೈಕ್ರಾನಿನ ಒಂದು ಕಣ 2.5 ಮೈಕ್ರಾನಿನ ಎಷ್ಟು ಕಣಗಳಷ್ಟು ತೂಗುತ್ತದೆ?

3. ಒಬ್ಬ ವಯಸ್ಕ ದಿನಕ್ಕೆ ಸುಮಾರು 12 ಘನಮೀಟರ್ ಗಾಳಿಯನ್ನು ಉಸಿರಾಡುತ್ತಾನೆಂದು ಇಟ್ಟುಕೊಳ್ಳಿರಿ. ಸೂಕ್ಷ್ಮಕಣಗಳು ಘನಮೀಟರಿಗೆ 15 ಮೈಕ್ರೋಗ್ರಾಂ ಇರುವಾಗ ಮತ್ತು 5 ಇರುವಾಗ ಅವನ ದೇಹದೊಳಕ್ಕೆ ಹೋಗುವ ಕಣಗಳ ತೂಕವೆಷ್ಟು?

ಉತ್ತರಗಳು: 1,100 ಟನ್, 64, 180 ಮತ್ತು 60 ಮೈಕ್ರೋಗ್ರಾಂ.